ಜಲ್ಲಿ ದಾರಿಯ ನೀಲಿ ಚುಕ್ಕೆ

ಜಲ್ಲಿ ಹಾಕಿದ ದಾರಿಯಲ್ಲಿ ಸೈಕಲ್ ತುಳಿಯಲಿಕ್ಕೆಂದೇ ಜನ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತಾರೆ ಎಂಬುದು ನನಗೆ ಅರುವತ್ತು ದಾಟಿದ ಮೇಲೆ ಗೊತ್ತಾಯಿತು. ಗೊತ್ತಾಗದೆ ಸತ್ತಿದ್ದರೂ ನಷ್ಟ ಇರಲಿಲ್ಲ. ಗೊತ್ತಾಯಿತಲ್ಲ, ಹಾಗಾಗಿ ಹೇಳುತ್ತೇನೆ.

ನಮ್ಮ ಉಡುಪಿ ಕಡೆ ಜಲ್ಲಿ ಎಂದರೆ ಅರ್ಧಕ್ಕೆ ಬಿಟ್ಟ ಕೆಲಸ. ರಸ್ತೆಗೆ ಜಲ್ಲಿ ಸುರಿದ ಕಂತ್ರಾಟುದಾರ ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ಡಾಮರು ಬರುತ್ತದೆ ಎಂದು ಕಾಯುತ್ತಾ ಇರುವಾಗ ಮಕ್ಕಳು ಶಾಲೆ ಮುಗಿಸಿ ಮದುವೆಯೂ ಆಗುತ್ತಾರೆ. ಕೊನೆಗೆ ಡಾಮರು ಬಿದ್ದ ದಿನ ಊರಿಗೆ ಊರೇ ಹೋಗಿ ಅದರ ಮೇಲೆ ನಡೆದು ನೋಡಿತು. ನಾನೂ ಬರಿಗಾಲಲ್ಲಿ ಹೋಗಿ ಅಂಗಾಲು ಸುಟ್ಟುಕೊಂಡೆ. ಅಂಥವಳ ಹತ್ತಿರ ಬಂದು, "ಡಾಮರಿನ ದಾರಿ ಬೇಡ, ಕಲ್ಲಿನದೇ ಬೇಕು" ಎಂದರೆ ಅವರ ನೆತ್ತಿಗೆ ಒಂದಿಷ್ಟು ಎಣ್ಣೆ ತಟ್ಟಬೇಕು ಅನ್ನಿಸುವುದಿಲ್ಲವಾ?

ಹಾಗೆ ಹೇಳಿದವಳು ನೂರಾ. ಕುವೈತಿನ ಸಲ್ವಾದಲ್ಲಿ ನಾನು ಅಡುಗೆ ಮಾಡಿಕೊಂಡಿರುವ ಮನೆಯ ಮಗಳು. ನಾನು ಆ ಮನೆ ಸೇರುವಾಗ ತೊಟ್ಟಿಲಲ್ಲಿ ಇದ್ದಳು, ಈಗ ಕಾಲೇಜು ಮುಗಿಸಿದ್ದಾಳೆ. ನನ್ನನ್ನು "ಅಕ್ಕ" ಎಂದು ಕರೆಯುತ್ತಾಳೆ. ಪ್ರೀತಿಯಿಂದ ಎಂದು ತಿಳಿಯಬೇಡಿ. ಮನೆಯ ಡ್ರೈವರ್ ಶೇಖರ, ನಮ್ಮ ಕಡೆಯವನೇ, ನನ್ನನ್ನು ಅಕ್ಕ ಅಕ್ಕ ಎನ್ನುವುದನ್ನು ಕೇಳಿ ಅದು ನನ್ನ ಹೆಸರೆಂದೇ ಮನೆಯವರೆಲ್ಲ ನಂಬಿದ್ದಾರೆ. ಮನೆಯ ಯಜಮಾನ್ತಿಯೂ ಅಕ್ಕ ಎಂದೇ ಕೂಗುವುದು. ಅವರನ್ನು ನಾನು, ಇಲ್ಲಿಯ ರಿವಾಜಿನಂತೆ, "ಮಾಮಾ" ಎನ್ನುತ್ತೇನೆ, ಅಂದರೆ ಅಮ್ಮ. ನನಗಿಂತ ಎಷ್ಟೋ ಚಿಕ್ಕವರನ್ನು ನಾನು ಅಮ್ಮ ಎನ್ನುವುದು, ಅವರು ಗೊತ್ತಿಲ್ಲದೆ ನನ್ನನ್ನು ಅಕ್ಕ ಎನ್ನುವುದು. ಲೆಕ್ಕ ಸರಿಹೋಗಿದೆ, ನಾನು ತಿದ್ದಲಿಕ್ಕೆ ಹೋಗಿಲ್ಲ.

ಈ ಮನೆಯವರು ಬೇಸಿಗೆಯಲ್ಲಿ ಆಸ್ಟ್ರಿಯಾ ಎಂಬ ದೇಶಕ್ಕೆ ಹೋಗುತ್ತಾರೆ. ಅಲ್ಲಿ ಆಲ್ಪ್ಸ್ ಎಂಬ ಬೆಟ್ಟಗಳ ಸಾಲು ಉಂಟು. ಬೆಟ್ಟದ ಬುಡದಲ್ಲಿ ಒಂದು ಕೆರೆ, ಕೆರೆಯ ದಡದಲ್ಲಿ ಹೋಟೆಲು. ಮಾಮಾ ಅಲ್ಲಿ ಕುಳಿತು ತಂಪು ಗಾಳಿ ಕುಡಿದು ಬರುತ್ತಾರೆ. ನೂರಾಳಿಗೆ ಕೆರೆ ಸಾಕಾಗಿ ಬೆಟ್ಟದ ಹುಚ್ಚು ಹಿಡಿಯಿತು. ಬೆಟ್ಟದ ಮೇಲೆ ಮರ ಸಾಗಿಸುವ ದಾರಿಗಳಂತೆ, ದನ ಮೇಯಲಿಕ್ಕೆ ಹೋಗುವ ದಾರಿಗಳಂತೆ, ಎಲ್ಲ ಜಲ್ಲಿಯವು. ಅದಕ್ಕೆಂದೇ ದಪ್ಪ ಟಯರಿನ ಸೈಕಲ್ ಬರುತ್ತದಂತೆ. ತರಿಸಿಯೇ ಬಿಟ್ಟಳು.

ಸೈಕಲ್ ಬಂತು, ಏರು ಎಲ್ಲಿಂದ ತರುವುದು? ಕುವೈತು ಎಂದರೆ ಕಾವಲಿಯ ಮೇಲೆ ಹುಯ್ದ ನೀರುದೋಸೆ. ಮುತ್ಲಾ ಎಂಬಲ್ಲಿ ಒಂದಿಷ್ಟು ಉಬ್ಬಿದೆ. ಇಲ್ಲಿಯವರು ಅದನ್ನು ಗುಡ್ಡ ಎನ್ನುತ್ತಾರೆ, ನಮ್ಮಲ್ಲಾದರೆ ಅದರ ಮೇಲೆ ಸೌದೆ ಒಣಗಿಸುತ್ತಿದ್ದೆವು. ಶುಕ್ರವಾರ ಬೆಳಿಗ್ಗೆ ಶೇಖರ ಸೈಕಲನ್ನು ಗಾಡಿಯಲ್ಲಿ ಹೇರಿಕೊಂಡು ಇವಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಒಮ್ಮೆ ನಾನೂ ಹೋದೆ. ಇವಳು ಹತ್ತಿದಳು, ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು.

"ಅಕ್ಕ, ಮೇಲೆ ಎಂತ ಬಿಟ್ಟುಬಂದಿದ್ದಾಳೆ ಇವಳು?" ಎಂದ ಶೇಖರ.

"ಬುದ್ಧಿ" ಎಂದೆ.

ಸಂಜೆ ಹೊತ್ತು ಅವಳು ಕಂಪ್ಯೂಟರ್ ಹಿಡಿದುಕೊಂಡು ಅಡುಗೆಮನೆಗೆ ಬರುತ್ತಿದ್ದಳು. ನಾನು ಬೇಳೆಯಿಂದ ಕಲ್ಲು ಹೆಕ್ಕುವುದು, ಇವಳು ಕಲ್ಲಿರುವ ದಾರಿ ಹೆಕ್ಕುವುದು. ಈ ದಾರಿಯಲ್ಲಿ ಕಲ್ಲು ಗಟ್ಟಿಯಾಗಿ ಕೂತಿದೆ, ಆ ದಾರಿಯಲ್ಲಿ ತಿರುವಿನಲ್ಲಿ ಜಾರುತ್ತದೆ, ಇನ್ನೊಂದರಲ್ಲಿ ತೊರೆ ದಾಟಬೇಕು ಎಂದು ಒಂದೊಂದನ್ನೂ ತೋರಿಸುತ್ತಿದ್ದಳು. ಏರು ಇಳಿತಕ್ಕೆ ಬೇರೆಯೇ ಚಿತ್ರ ಉಂಟು, ಆಸ್ಪತ್ರೆಯಲ್ಲಿ ಎದೆಗೆ ವಯರು ಅಂಟಿಸಿ ತೆಗೆಯುತ್ತಾರಲ್ಲ, ಆ ಕಾಗದದ ಹಾಗೆ. ನನಗೆ ಅದು ನೋಡಿಯೇ ಎದೆ ಹೊಡೆದುಕೊಂಡಿತು. ಆದರೂ ನಿಜ ಹೇಳಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ದಾರಿಗಳು ಬಾಯಿಪಾಠ ಆದವು. ತೊರೆಯ ದಾರಿ ಬೇಡ, ಕಾಡಿನೊಳಗಿನ ದಾರಿಯೇ ಒಳ್ಳೆಯದು, ನೆರಳು ಉಂಟು ಎಂದು ನಾನೇ ಅಭಿಪ್ರಾಯ ಕೊಡುವಷ್ಟು ಆಯಿತು. ಇಡೀ ಜೀವಮಾನದಲ್ಲಿ ಸೈಕಲಿನ ಹಿಂದಿನ ಕ್ಯಾರಿಯರಿನಲ್ಲಿ ಕೂಡ ಕೂತವಳಲ್ಲ.

ಮಾಮಾ ಮಾತ್ರ ಒಪ್ಪಲಿಲ್ಲ. ಹೆಣ್ಣುಮಗಳು, ಒಬ್ಬಳೇ, ಕಾಡು, ಕಲ್ಲು. ಬೇಡ ಎಂದರೆ ಬೇಡ. ನೂರಾ ಊಟ ಬಿಟ್ಟಳು. ಊಟ ಬಿಟ್ಟವಳು ನನ್ನ ಅಡುಗೆಮನೆಯಲ್ಲಿ ಕೂತು ದಿನಕ್ಕೆ ನಾಲ್ಕು ಸಲ ದೋಸೆ ತಿನ್ನುತ್ತಿದ್ದಳು. ನಾನು ಹೋಗಿ ಹೇಳಿದೆ, "ಮಾಮಾ, ಕಳಿಸಿಬಿಡಿ. ಅವಳು ಗಟ್ಟಿ ಇದ್ದಾಳೆ." ದೊಡ್ಡ ಮನಸ್ಸಿನಿಂದ ಹೇಳಿದ್ದೆಂದು ಯಾಕೆ ಸುಳ್ಳಾಡಲಿ, ಅವಳ ಗೋಳು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಮಾಮಾ ಒಂದು ಶರ್ತದ ಮೇಲೆ ಒಪ್ಪಿದರು. ಅಣ್ಣ ಫಹದ್ ಜೊತೆಗೆ ಹೋಗಿ ಕೆಳಗೆ ಹೋಟೆಲಿನಲ್ಲಿ ಇರಬೇಕು. ನೂರಾ ಎಲ್ಲಿದ್ದಾಳೆ ಎಂಬುದು ಮಾಮಾನ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ಕಾಣುತ್ತಾ ಇರಬೇಕು. ಏನಾದರೂ ತೊಂದರೆ ಆಯಿತೋ, ಫಹದ್ ಹೋಗಿ ಕರೆತರುತ್ತಾನೆ. "ಆಮೇಲೆ ಖಲಾಸ್. ಈ ಮನೆಯಲ್ಲಿ ಸೈಕಲಿನ ಮಾತಿಲ್ಲ" ಎಂದರು. ನನ್ನ ಕಡೆ ತಿರುಗಿ, "ನೀನೇ ಹೇಳಿದ್ದು, ನೆನಪಿರಲಿ" ಎಂದೂ ಸೇರಿಸಿದರು.

ಅಣ್ಣ ತಂಗಿ ಆಸ್ಟ್ರಿಯಾಕ್ಕೆ ಹೋದರು. ಮೊದಲು ಎಲ್ಲ ಸರಿಯಾಗಿಯೇ ಇತ್ತು. ಚುಕ್ಕೆ ಇರುವೆಯ ಹಾಗೆ ಹರಿಯುತ್ತಿತ್ತು. ಮಾಮಾ ಟಿವಿ ಬಿಟ್ಟು ಅದನ್ನೇ ನೋಡುವುದು. ಒಂದು ದಿನ ಮಧ್ಯಾಹ್ನ ನಾನು ಮೀನು ತೊಳೆಯುತ್ತಾ ಇದ್ದೆ. ನನ್ನ ಫೋನು ಬಡಿದುಕೊಂಡಿತು. ನೂರಾ, ವಿಡಿಯೋದಲ್ಲಿ. ಮುಖ ಬಿಳಿಚಿಕೊಂಡಿದೆ, ಹಿಂದಿನಿಂದ ಢಣ ಢಣ ಎಂದು ಗಂಟೆಯ ಸದ್ದು.

"ಅಕ್ಕ, ಹಸು" ಎಂದಳು.

ಫೋನು ತಿರುಗಿಸಿ ತೋರಿಸಿದಳು. ದಾರಿಗೆ ಅಡ್ಡಲಾಗಿ ಹಸುಗಳು ಮಲಗಿವೆ. ಒಂದೊಂದೂ ಫ್ರಿಜ್ಜಿನಷ್ಟು ದೊಡ್ಡದು, ಕೊರಳಲ್ಲಿ ಚೆಂಬಿನಷ್ಟು ದೊಡ್ಡ ಗಂಟೆ. ಒಂದು ಪಕ್ಕ ಬೇಲಿ, ಇನ್ನೊಂದು ಪಕ್ಕ ಕಮರಿ. ಕುವೈತಿನಲ್ಲಿ ಹುಟ್ಟಿದ ಹುಡುಗಿ ಹಸುವನ್ನು ಹತ್ತಿರದಿಂದ ಕಂಡದ್ದು ಹಾಲಿನ ಡಬ್ಬಿಯ ಮೇಲೆ ಮಾತ್ರ.

"ಫಹದ್‌ಗೆ ಫೋನ್ ಮಾಡಿದರೆ ಅವನು ಬರುತ್ತಾನೆ. ಆಮೇಲೆ ಎಲ್ಲ ಖಲಾಸ್. ಅಕ್ಕ, ಏನಾದರೂ ಮಾಡು" ಎಂದಳು.

ಹಸು ಎಂದರೆ ನನಗೆ ಗೊತ್ತಿಲ್ಲದ್ದಾ? "ಫೋನು ಅವುಗಳ ಕಡೆ ಹಿಡಿ" ಎಂದೆ. ಗಂಟಲು ಸರಿಮಾಡಿಕೊಂಡು, "ಹೋಯ್, ಹೈ ಹೈ, ಹೋಗೇ, ಏಳೇ ಅಮ್ಮ" ಎಂದು ಕೂಗಿದೆ. ಕಿವಿ ನಿಮಿರಿಸಿ ಎದ್ದವು. ನನಗೆ ಹೆಮ್ಮೆ. ಎದ್ದವು ಸೀದಾ ಫೋನಿನ ಕಡೆಗೇ ನಡೆದುಬಂದವು. ಹಟ್ಟಿಯಲ್ಲಿ ಹುಲ್ಲು ಹಾಕುವಾಗ ಮಾತಾಡಿಸುವ ರಾಗವೇ ನನ್ನ ಬಾಯಲ್ಲಿ ಬಂದಿತ್ತು ಎಂದು ಆಮೇಲೆ ಹೊಳೆಯಿತು.

ನೂರಾಳಿಗೆ ಬರುವ ಕನ್ನಡವೇ ನಾಲ್ಕು ಮಾತು, ಎಲ್ಲ ನನ್ನ ಅಡುಗೆಮನೆಯವು. ಅವಳು ಹಸುಗಳಿಗೆ ಕೈಮುಗಿದು, "ಬಾ ಬೇಡ! ಬಾ ಬೇಡ! ಬಿಸಿ! ಬಿಸಿ!" ಎಂದು ಅರಚುತ್ತಿದ್ದಳು.

ಹಿಂದೆ ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ಮಾಮಾ. ಕೈಯಲ್ಲಿ ಫೋನು, ಅದರಲ್ಲಿ ಅಲುಗದೆ ನಿಂತ ಚುಕ್ಕೆ.

"ಬಿದ್ದಳಾ?"

"ಇಲ್ಲ ಮಾಮಾ. ದನ."

ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಆಯಿತು, ಈಗ ಫಹದ್‌ಗೆ ಹೇಳುತ್ತಾರೆ, ಹುಡುಗಿಯ ಕಥೆ ಮುಗಿಯಿತು, ನನ್ನದೂ ಮುಗಿಯಿತು ಎಂದುಕೊಂಡೆ. ಮಾಮಾ ಫೋನಿನೊಳಗೆ ನೋಡಿದರು. ಒಂದು ಹಸು ನೂರಾಳ ತೋಳು ನೆಕ್ಕುತ್ತಿತ್ತು, ಬೆವರಿನ ಉಪ್ಪಿಗೆ. ಅವಳು ಕಣ್ಣು ಮುಚ್ಚಿ ನಿಂತಿದ್ದಳು.

ಆಗ ಮಾಮಾ ಒಂದು ಸದ್ದು ಮಾಡಿದರು. ನನಗೆ ಬರುವ ಅಕ್ಷರಗಳಲ್ಲಿ ಅದನ್ನು ಬರೆಯಲಿಕ್ಕಾಗುವುದಿಲ್ಲ. ಖ ಎಂಬುದಕ್ಕೂ ಹ ಎಂಬುದಕ್ಕೂ ನಡುವೆ ಗಂಟಲಿನ ತಳದಿಂದ ಎದ್ದು, ಕೊನೆಗೆ ನಾಲಗೆಯಲ್ಲಿ ಚಾಟಿ ಹೊಡೆದ ಹಾಗೆ. ರೇಷ್ಮೆ ನಿಲುವಂಗಿ, ಉಗುರಿಗೆ ಬಣ್ಣ, ನನ್ನ ಮೀನಿನ ಪಾತ್ರೆಯ ಪಕ್ಕದಲ್ಲಿ ನಿಂತು ಆ ಹೆಂಗಸು ಮೂರು ಸಲ ಹಾಗೆ ಕೂಗಿದರು. ಫೋನಿನೊಳಗೆ ಗಂಟೆಗಳು ದಡಬಡ ಎಂದವು. ಹಸುಗಳು ಬೇಲಿಯ ಬದಿಗೆ ಒತ್ತಿಕೊಂಡು, ದಾರಿ ಬಿಟ್ಟು, ಒಂದರ ಹಿಂದೆ ಒಂದು ಹೊರಟುಹೋದವು. ಅವುಗಳಿಗೆ ಅರಬ್ಬಿ ಬರುತ್ತದೆ ಎಂದಲ್ಲ, ಹೆದರಿದವು. ನಾನೂ ಹೆದರಿದೆ.

"ಯುಮ್ಮಾ, ಅದು ಯಾರು ಕೂಗಿದ್ದು?" ಎಂದಳು ನೂರಾ, ತಾಯಿಯನ್ನು ಕರೆದು.

"ನಾನೇ. ನನ್ನ ಅಜ್ಜಿ ಮರಳಿನಲ್ಲಿ ಆಡು ಮೇಯಿಸುತ್ತಿದ್ದರು. ಚಿಕ್ಕವಳಿರುವಾಗ ನಾನೂ ಆಡಿನ ಹಿಂದೆ ಹೋಗುತ್ತಿದ್ದೆ."

"ಒಬ್ಬಳೇ ಹೋಗುತ್ತಿದ್ದೆಯಾ?"

ಮಾಮಾ ನಿಲುವಂಗಿಯ ತೋಳು ಸರಿಮಾಡಿಕೊಂಡು, "ದಾರಿ ಇನ್ನೂ ಎಷ್ಟು ಉಂಟು?" ಎಂದು ಕೇಳಿದರು.

"ಏರು ಮುಗಿಯುವುದರಲ್ಲಿದೆ. ಆಮೇಲೆ ಕಾಡಿನೊಳಗೆ ಇಳಿತ. ಖಲಾಸ್ ಎಂದು ಹೇಳಬೇಡ ಯುಮ್ಮಾ."

"ನಾನೆಲ್ಲಿ ಹೇಳಿದೆ? ಯಲ್ಲಾ, ನಡಿ, ಹತ್ತು. ಬಿಸಿಲು ಏರುತ್ತದೆ."

ಫಹದ್‌ಗೆ ಫೋನು ಹೋಗಲಿಲ್ಲ. ಮಾಮಾ ತಮ್ಮ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ, "ಇನ್ನು ನೋಡುವುದು ಬೇಡ. ಬರುವಾಗ ಬರಲಿ" ಎಂದು ನನ್ನ ಸ್ಟೂಲಿನ ಮೇಲೆ ಕೂತರು. ನಾನು ಕೈ ತೊಳೆದು ಚಹಾಕ್ಕೆ ನೀರಿಟ್ಟೆ. ತಿರುಗಿ ನೋಡಿದರೆ ಫೋನಿನ ಒಂದು ಮೂಲೆಯನ್ನು ಉಗುರಿನಿಂದ ಮೆಲ್ಲ ಎತ್ತಿ, ಕುತ್ತಿಗೆ ಬಗ್ಗಿಸಿ ಅಡಿಯಿಂದ ಇಣುಕುತ್ತಿದ್ದಾರೆ.

"ಹೋಗುತ್ತಾ ಉಂಟಾ?" ಎಂದೆ.

"ಹೋಗುತ್ತಾ ಉಂಟು" ಎಂದರು, ಕಳ್ಳಿಯ ಹಾಗೆ.

ನಾನೂ ಹೋಗಿ ಪಕ್ಕದಲ್ಲಿ ಬಗ್ಗಿ ನೋಡಿದೆ. ಮಕ್ಕಳನ್ನು ಬಿಟ್ಟುಕೊಡುವುದು ಒಂದೇ ಉಸಿರಿಗೆ ಹತ್ತಿ ಮುಗಿಸುವ ಏರಲ್ಲ ಮಾರಾಯರೇ. ನಡುವೆ ಇಳಿದು ಸ್ವಲ್ಪ ದೂರ ತಳ್ಳಿಕೊಂಡು ಹೋದರೆ ಯಾರೂ ನಗಬಾರದು.