ಲಿಂಬೆಯ ನಾಡಿನ ನಲಿನಿಬಾಯಿಯವರು

ನಮ್ಮ ವಿಜಯಪುರ ಸೀಮೆಯ ಆರೋಗ್ಯ ಸೇವೆಯಲ್ಲಿ ಔಷಧಕ್ಕಿಂತ ಮೊದಲು ಅಡುಗೆಮನೆಯನ್ನು ವಿಚಾರಿಸಿದವರು ಯಾರೆಂದರೆ, ಆರೋಗ್ಯ ಸಹಾಯಕಿ ಶ್ರೀಮತಿ ನಲಿನಿ ಗಲಗಲಿಯವರ ಹೆಸರನ್ನೇ ಹೇಳಬೇಕು. ಸಿಂದಗಿ, ಮುದ್ದೇಬಿಹಾಳಗಳಲ್ಲಿ ದುಡಿದು ತಾಂಬಾದ ಕಡೆಗೆ ವರ್ಗವಾಗಿ ಬಂದಾಗ ಅವರು ಕಂಡದ್ದು ತೋಟದ ತುಂಬ ಲಿಂಬೆ, ತಾಟಿನಲ್ಲಿ ಒಂದು ಹೋಳೂ ಇಲ್ಲ. ಹಣ್ಣೆಲ್ಲ ಇಂಡಿ ಊರಿನ ಪೇಟೆಗೆ ಹೋಗುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವ ಬಾಳು. ಸಿ ಜೀವಸತ್ವವನ್ನು ದೇಹ ತಾನೇ ಮಾಡಿಕೊಳ್ಳಲಾರದು. ವಸಡು ಗಟ್ಟಿಯಿರಲು, ಗಾಯ ಮಾಯಲು, ಕಬ್ಬಿಣಾಂಶ ರಕ್ತಕ್ಕೆ ಸೇರಲು ಅದು ದಿನವೂ ಬೇಕೆಂದು ಮನೆಮನೆಗೂ ಹೇಳಿದರು.

ಅಲ್ಲಿಯ ಒಂದು ಮನೆಯ ಸೊಸೆ ಯಲ್ಲವ್ವನದು ಚೊಚ್ಚಿಲ ಬಸಿರು. ಆರನೆಯ ತಿಂಗಳಲ್ಲೇ ರಕ್ತದ ಹಿಮೋಗ್ಲೋಬಿನ್ ಏಳಕ್ಕಿಳಿದಿತ್ತು. ಕಬ್ಬಿಣದ ಗುಳಿಗೆಯನ್ನು ಲಿಂಬೆಯೊಂದಿಗೆ ಕೊಡಿರೆಂದು ಅತ್ತೆ ದುರ್ಗವ್ವನಿಗೆ ನಲಿನಿಯವರು ಹೇಳಿದರು. ತಿಂಗಳಾದರೂ ರಕ್ತ ಏರಲಿಲ್ಲ. ಗುಳಿಗೆ ಚೆಲ್ಲುತ್ತಾಳೆಂದು ಎಲ್ಲರೂ ಸೊಸೆಯನ್ನೇ ಬೈದರು, ನಲಿನಿಯವರೂ ಗದರಿದರು. ಹೆರಿಗೆಯಲ್ಲಿ ಈ ಹುಡುಗಿ ಉಳಿಯುವಳೋ ಇಲ್ಲವೋ ಎಂಬ ಚಿಂತೆ ಅವರಿಗೆ ಅನ್ನ ಸೇರಗೊಡಲಿಲ್ಲ.

ಒಂದು ದಿನ ಗುಳಿಗೆಯ ಹೊತ್ತಿಗೇ ಹೋಗಿ ನೋಡಿದರು. ಹಸಿ ಹುಳಿ ಬಸುರಿಗೆ ಥಂಡಿ ಎಂದು ನಂಬಿದ್ದ ದುರ್ಗವ್ವ, ಕುದಿಯುವ ಚಹಾಕ್ಕೆ ಲಿಂಬೆ ಹಿಂಡಿ ಅದರಲ್ಲೇ ಗುಳಿಗೆ ನುಂಗಿಸುತ್ತಿದ್ದಳು. ಕುದಿತಕ್ಕೆ ಲಿಂಬೆಯ ಸತ್ವ ಕುಂದುತ್ತದೆ. ಚಹಾ ಕಬ್ಬಿಣಾಂಶವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಹೋದಾಗಲೆಲ್ಲ ಅದೇ ಚಹಾವನ್ನು ಕುಡಿದು ಹೊಗಳಿದ್ದ ನಲಿನಿಯವರು ನಾಚಿಕೆಯಿಂದ ಕುಗ್ಗಿಹೋದರು.

ಸುಮ್ಮನೆ ತಿದ್ದಿ ಹೊರಡಬಹುದಿತ್ತು. ಅವರು ಯಲ್ಲವ್ವನ ಮುಂದೆ ಕುಳಿತು ಕೈ ಹಿಡಿದರು.

“ತಪ್ಪು ನಂದವಾ. ಲಿಂಬಿ ಕೊಡ್ರಿ ಅಂದೆ, ಹೆಂಗ ಕೊಡಬೇಕಂತ ಹೇಳಲಿಲ್ಲ. ನಿನ್ನ ಸುಮ್ಮ ಬೈದೆ.”

ಅಂದಿನಿಂದ ಗುಳಿಗೆ ತಣ್ಣನೆಯ ಲಿಂಬೆನೀರಿನೊಂದಿಗೆ, ಚಹಾ ಎರಡು ತಾಸು ಬಿಟ್ಟು. ಮರ್ಯಾದೆ ಹೋದೀತೆಂದು ಜೊತೆಯವರು ತಡೆದರೂ ಕೇಳದೆ, ತಾವು ಹಾಗೆ ಅರ್ಧ ಮಾತು ಹೇಳಿ ಬಂದಿದ್ದ ಮನೆಗಳಿಗೆಲ್ಲ ನಡೆದು ಹೋಗಿ ತಪ್ಪೊಪ್ಪಿಕೊಂಡರು.

ಒಂಬತ್ತನೆಯ ತಿಂಗಳಿಗೆ ಯಲ್ಲವ್ವನ ರಕ್ತ ಹತ್ತು ದಾಟಿತು. ಹೆರಿಗೆ ಸುಸೂತ್ರವಾಯಿತು. ಕೂಸನ್ನು ನಲಿನಿಯವರ ಮಡಿಲಿಗಿಟ್ಟು ದುರ್ಗವ್ವ ಹೇಳಿದಳು: “ನಮ್ಮ ಮನಿಗೆ ಬುದ್ಧಿ ಹೇಳವ್ರು ಭಾಳ ಮಂದಿ ಬಂದಾರ್ರಿ ಬಾಯಾರ. ತಪ್ಪು ನಂದು ಅಂದವ್ರು ನೀವೊಬ್ಬರ.”

ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ಬಸವನ ಬಾಗೇವಾಡಿಯ ಮನೆಗೆ ಹೊರಟಿರುವ ನಲಿನಿಯವರಿಗೆ ನೂರು ವರುಷ ಆಯುಷ್ಯವಿರಲಿ. ಅಲ್ಲಿಯ ಬಸುರಿಯರು ಅವರಿಗೆ ವಿಶ್ರಾಂತಿ ಕೊಡದಿರಲಿ. ಅವರ ಹಿಂದೆ ಉಳಿದ ನಮಗೆ, ಆ ಎರಡು ಪದಗಳನ್ನು ಹೇಳುವ ಧೈರ್ಯ ಬರಲಿ.