ಇಡ್ವಾಲ್ ಒಪ್ಪಿದ ಪಬ್

ಬೆಟ್ಟ ಇಳಿದು ಬಂದವರು ಒಳ್ಳೆಯ ಪಬ್ ಯಾವುದೆಂದು ಕೇಳಿದರೆ ಗ್ಲಿನ್‌ನ ಗೆಳೆಯ ಇಡ್ವಾಲ್ ದಾರಿ ಹೇಳುತ್ತಿರಲಿಲ್ಲ, ತಾನೇ ಕರೆದೊಯ್ಯುತ್ತಿದ್ದ. ಬಾಗಿಲಲ್ಲಿ ನಿಂತು ಮೂಗರಳಿಸಿ, ಒಲೆಯ ಕಲ್ಲಿದ್ದಲಿನ ಹೊಗೆಯ ವಾಸನೆ ಸಿಗದಿದ್ದರೆ ಅಲ್ಲಿಂದಲೇ ವಾಪಸು. ಒಳಗೆ ರತ್ನಗಂಬಳಿ ಕಂಡರಂತೂ, "ಇದು ಪಬ್ಬಲ್ಲ ಕಣಯ್ಯಾ, ಹಲ್ಲು ಕೀಳೋ ಡಾಕ್ಟರ ಮನೆ!" ಕಣಿವೆಯ ಏಳು ಪಬ್ಬುಗಳಲ್ಲಿ ಆರು ಹೀಗೆ ಫೇಲಾಗಿ, ಮೆನ್ನಾ ಎಂಬಾಕೆ ನಡೆಸುತ್ತಿದ್ದದ್ದು ಒಂದೇ ಉಳಿದಿತ್ತು. "ನಿನ್ ಬಿಯರು ಬರೀ ನೀರು ಕಣೇ" ಎಂದು ಅವಳನ್ನೂ ಬಿಡುತ್ತಿರಲಿಲ್ಲ. "ಮತ್ತೆ ದಿನಾ ಯಾಕೋ ಬರ್ತೀಯ, ಮುದುಕಾ?" ಎನ್ನುವಳು ಅವಳು. ಇಡ್ವಾಲ್‌ನನ್ನು ಮಣ್ಣು ಮಾಡಿದ ಮೇಲಿನ ಮೊದಲ ಶನಿವಾರ ಗ್ಲಿನ್ ಅಳುಕುತ್ತಲೇ ಅಲ್ಲಿಗೆ ಹೋದ. ಗೆಳೆಯನ ಜಾಗವನ್ನು ಆಗಲೇ ಯಾರಾದರೂ ತುಂಬಿಬಿಟ್ಟಿದ್ದರೆ? ಪ್ರತಿ ಶನಿವಾರದಂತೆ ಕುಡಿಯುತ್ತ ಕೂತವರೆಲ್ಲ ಸೇರಿ ಚರ್ಚಿನ ಸ್ತೋತ್ರವೊಂದನ್ನು ಎತ್ತಿಕೊಂಡರು. ಇಡ್ವಾಲ್ ಒಬ್ಬನೇ ಏರುದನಿಯಲ್ಲಿ ಹಾಡುತ್ತಿದ್ದ ಸಾಲು ಬಂದಾಗ ಇಡೀ ಕೋಣೆ ಬಾಯಿ ಮುಚ್ಚಿ, ಆ ಸಾಲಿನಷ್ಟು ಹೊತ್ತು ಕಾದು, ಆಮೇಲೆ ಮುಂದುವರಿಯಿತು.