ಕೊಂಡಪ್ಪ ಮೇಸ್ತ್ರಿ ಹಾಕಿದ ಕಟ್ಟಳೆ

ಹೊಸಕೋಟೆ ಸೀಮೆಯಲ್ಲಿ ವಿದ್ಯುತ್ ಕಂಬ, ತಂತಿಗಳನ್ನು ದುರಸ್ತಿ ಮಾಡುವ ತಂಡವೊಂದಕ್ಕೆ ಕೊಂಡಪ್ಪನೇ ಮೇಸ್ತ್ರಿ. ನಿವೃತ್ತಿ ಹತ್ತಿರವಾಗಿತ್ತು, ಅವನ ಮಂಡಿಗಳು ಅದಕ್ಕೂ ಮೊದಲೇ ನಿವೃತ್ತಿ ಪಡೆದಿದ್ದವು. ಆ ತಂಡದಲ್ಲಿ ಹಳೆಯದೊಂದು ಪದ್ಧತಿಯಿತ್ತು. ವಿದ್ಯುತ್ ಸ್ಟೇಷನ್ನಿಗೆ ಹೋಗಿ ಕರೆಂಟು ತೆಗೆಸಿದವನು ಯಾರೋ, ಕೆಲಸ ಮುಗಿದ ಮೇಲೆ ಅವನೇ ಹೋಗಿ ಆಪರೇಟರನ ಎದುರು ನಿಂತು ‘ಹಾಕು’ ಎನ್ನಬೇಕು. ಬೇರೆ ಯಾರ ಮಾತೂ ಅಲ್ಲಿ ನಡೆಯದು. ಹೀಗೆ ಕೊಂಡಪ್ಪನ ಅರ್ಧ ಆಯುಷ್ಯ ಸೈಕಲ್ಲಿನ ಮೇಲೆಯೇ ಸವೆದಿತ್ತು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಎಂಜಿನಿಯರ್ ಉಮಾಶಂಕರ್ ತಂಡಕ್ಕೊಂದು ಸೆಲ್ ಫೋನು ಕೊಡಿಸಿದರು. ಕೊಂಡಪ್ಪನಿಗೆ ದೇವರೇ ಪ್ರತ್ಯಕ್ಷನಾದಂತಾಯಿತು. ಇನ್ನು ಕಂಬದ ಬುಡದಲ್ಲಿ ಕುಳಿತೇ ‘ತೆಗಿ’, ‘ಹಾಕು’ ಎಂದರೆ ಸಾಕು. ಸೈಕಲ್ಲಿನ ಚಕ್ರಕ್ಕೆ ಜೇಡ ಬಲೆ ಕಟ್ಟಿತು. ಪದ್ಧತಿ ತಪ್ಪಿತೆಂದು ಯಾರಿಗೂ ತೋಚಲಿಲ್ಲ.

ಒಂದು ಮಧ್ಯಾಹ್ನ ಜಡಿಗೇನಹಳ್ಳಿ ಕಡೆಯ ದ್ರಾಕ್ಷಿ ತೋಟದ ಅಂಚಿನಲ್ಲಿ ಕೆಲಸವಿತ್ತು. ಕಂಬ ಹತ್ತುವವನು ತಂಡದ ಹೈದರ್. ಫೋನಿನಲ್ಲೇ ಕರೆಂಟು ತೆಗೆಸಿದ ಕೊಂಡಪ್ಪ ಅದನ್ನು ತಲೆಯ ಪಕ್ಕದಲ್ಲಿಟ್ಟುಕೊಂಡು ಹೊಂಗೆಯ ನೆರಳಿನಲ್ಲಿ ಕಾಲು ಚಾಚಿದ. ಆಯಾಸಕ್ಕೆ ಕಣ್ಣು ಹತ್ತಿತು.

ಎಚ್ಚರವಾದದ್ದು ಪಂಪಿನ ಸದ್ದಿಗೆ. ತೋಟದ ಮೋಟಾರು ತಾನಾಗಿಯೇ ಗುರ್ರೆಂದು ಓಡುತ್ತಿತ್ತು. ಕರೆಂಟು ಬಂದರೆ ತಾನೇ ಶುರುವಾಗುವ ಮೋಟಾರು ಅದು. ಕೊಂಡಪ್ಪ ತಲೆಯೆತ್ತಿದರೆ ಹೈದರ್ ಕಂಬದ ಮೇಲಿದ್ದಾನೆ!

“ಲೇ ಹೈದರ್! ಮುಟ್ಬೇಡ ಕಣೋ! ಕೈ ಕೆಳಗ್ ಮಾಡೋ!”

ತಂತಿಯತ್ತ ಚಾಚಿದ ಕೈ ಅಲ್ಲಿಯೇ ನಿಂತಿತು. ಹೈದರ್ ಮೆಲ್ಲಗೆ ಇಳಿದು ನೆಲದ ಮೇಲೆ ಕುಕ್ಕರಿಸಿದ.

ತೋಟದ ಯಜಮಾನ ಚಿಕ್ಕವೆಂಕಟಪ್ಪ ಓಡಿಬಂದ. ಅವನ ಕೈಯಲ್ಲಿ ಕೊಂಡಪ್ಪನ ಫೋನಿತ್ತು.

“ನಾನೇನ್ ಕಂಡೆ ಮೇಸ್ತ್ರಿ? ನೀನು ಮಲ್ಗಿದ್ದೆ, ಕಂಬದ ಮ್ಯಾಲೆ ಯಾರೂ ಇರ್ಲಿಲ್ಲ. ಕೆಲ್ಸ ಆಯ್ತು ಅಂದ್ಕಂಡೆ. ನಮ್ಮ ಅಳಿಯನ ತಾವೂ ಇಂಥದ್ದೇ ಐತೆ, ಹಸಿರು ಗುಂಡಿ ಒತ್ತಿದ್ರೆ ಕೊನೇಗ್ ಮಾತಾಡ್ದೋರೇ ಸಿಗ್ತಾರೆ. ‘ಆಯ್ತು, ಕರೆಂಟು ಬಿಡಪ್ಪ’ ಅಂದೆ.”

“ನೀರು ಕುಡಿಯಕ್ಕೆ ಬಾವಿ ಹತ್ರ ಹೋಗಿದ್ದೆ ಯಜಮಾನ್ರೇ,” ಎಂದ ಹೈದರ್. “ನಿಮ್ಮ ದ್ರಾಕ್ಷಿಗೆ ನನ್ಗಿಂತ ಬಾಯಾರಿಕೆ ಜಾಸ್ತಿ ಆಗಿತ್ತಾ?”

ಕೊಂಡಪ್ಪ ಯಜಮಾನನ ಕೈಯಿಂದ ಫೋನು ಇಸಿದುಕೊಂಡ.

ಮರುದಿನ ಉಮಾಶಂಕರ್ ಎಲ್ಲರನ್ನೂ ಕರೆದು, ಫೋನಿಗೊಂದು ಕಟ್ಟಳೆ ಬೇಕೆಂದರು. “ಫೋನು ಮೇಸ್ತ್ರಿ ಜೇಬಲ್ಲೇ ಇರ್ಬೇಕು ಅಂತ ಮಾಡೋಣವಾ?”

“ಜೇಬಲ್ಲಿದ್ರೂ ನಿದ್ದೆ ಬತ್ತದೆ ಸಾಮಿ,” ಎಂದ ಕೊಂಡಪ್ಪ. “ಎಲ್ಲಿ ತಂತಿ ಬಿದ್ದೈತೆ ಅಂತ ಕೇಳಕ್ಕೆ, ಸಾಮಾನು ತರ್ಸಕ್ಕೆ ಇರ್ಲಿ. ಕರೆಂಟು ತೆಗ್ಸೋದು, ಹಾಕ್ಸೋದು ಮಾತ್ರ ಫೋನಲ್ಲಿ ಬ್ಯಾಡ. ತೆಗ್ಸಿದೋನೇ ಹೋಗಿ ಮುಖ ತೋರ್ಸಿ ಹೇಳ್ಬೇಕು.”

“ನಿಮ್ಮ ಮಂಡಿ, ಮೇಸ್ತ್ರಿ?” ಎಂದ ಹೈದರ್. “ಸ್ಟೇಷನ್ನಿಗೆ ನಾನು ಹೋಗ್ತೀನಿ ಬಿಡಿ.”

“ನೀನ್ ಸೈಕಲ್ ತುಳಿ, ನಾನ್ ಕಂಬ ಹತ್ತುತೀನಿ. ಆಗ್ತದಾ? ಸುಮ್ಕಿರು.”

ಎಲ್ಲರೂ ನಕ್ಕರು, ಕೊಂಡಪ್ಪನಿಗೆ ನಗು ಬರಲಿಲ್ಲ. ಕಟ್ಟಳೆ ಹಾಗೆಯೇ ನಿಂತಿತು.

ಆ ವಾರವೇ ಮತ್ತೊಂದು ಕೆಲಸ ಬಂತು. ಕೆಲಸ ಮುಗಿಸಿ, ಎದುರುಗಾಳಿಯಲ್ಲಿ ಸೈಕಲ್ ತುಳಿದು, ಏರು ಬಂದಲ್ಲಿ ಇಳಿದು ತಳ್ಳಿಕೊಂಡು, ಕೊಂಡಪ್ಪ ಸ್ಟೇಷನ್ ಮುಟ್ಟಿದ. ಆಪರೇಟರ್ ರವಿಚಂದ್ರ ಎದ್ದು ನಿಂತ. ಅಂದು ಫೋನಿನಲ್ಲಿ ಬಂದ ದನಿಯನ್ನು ನಂಬಿದವನು ಅವನೇ.

“ಹೈದರ್ ಇಳಿದನಾ, ಕೊಂಡಪ್ಪಣ್ಣ?”

“ಇಳಿದ. ಬೀಡಿ ಹಚ್ಚೋದನ್ನ ನೋಡ್ಬುಟ್ಟೇ ಹೊರಟೆ. ಹಾಕಪ್ಪ.”

ರವಿಚಂದ್ರ ಅವನ ಮುಖವನ್ನೊಮ್ಮೆ ನೋಡಿ ಸ್ವಿಚ್ಚು ಹಾಕಿದ. ಕೊಂಡಪ್ಪ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಳಿತ. ಹಿಂದಿರುಗುವ ದಾರಿ ಇನ್ನೂ ಅಷ್ಟೇ ಇತ್ತು. ಎರಡು ಮಂಡಿಗಳನ್ನೂ ಅಂಗೈಯಿಂದ ಒತ್ತಿಕೊಳ್ಳುತ್ತ, “ಒಂದು ಲೋಟ ನೀರು ಕೊಡಪ್ಪ,” ಎಂದ.